ವ್ಯಾಲೆಂಟೈನ್ ಭಾಷಣದ ಮಾರನೆಯ ದಿನ

ಪ್ರೇಮಿಗಳ ದಿನದಂದು ಕಾಲೇಜಿನಲ್ಲಿ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದ ಇಂಗ್ಲಿಷ್ ಉಪನ್ಯಾಸಕ ಲಕ್ಷ್ಮೀಕಾಂತರ ಕಲ್ಯಾಣದುರ್ಗದ ಮನೆ ಬಾಗಿಲಿಗೆ, ಮಾರನೆಯ ಬೆಳಗ್ಗೆಯೇ ಇಬ್ಬರು ಪ್ರೇಮಿಗಳು ಬಂದು ನಿಂತರು.

ಭಾಷಣವೇನೋ ಭರ್ಜರಿಯಾಗಿತ್ತು. ಸೈನಿಕರು ಮದುವೆಯಾಗಕೂಡದೆಂದು ರೋಮ್ ಚಕ್ರವರ್ತಿ ಕಟ್ಟಪ್ಪಣೆ ಮಾಡಿದ್ದು, ಪಾದ್ರಿ ವ್ಯಾಲೆಂಟೈನ್ ಕದ್ದುಮುಚ್ಚಿ ಅವರ ಮದುವೆ ಮಾಡಿಸಿದ್ದು, ಆ ತಪ್ಪಿಗೆ ತಲೆ ಕೊಟ್ಟಿದ್ದು, ಎಲ್ಲವನ್ನೂ ಪಕ್ಕದಲ್ಲೇ ನಿಂತು ನೋಡಿದವರಂತೆ ಬಣ್ಣಿಸಿದ್ದರು. ಗುಲಾಬಿ, ಚಾಕೊಲೇಟು, ಕಾರ್ಡು ಎಲ್ಲ ಅಂಗಡಿಯವರ ಹಬ್ಬ, ಪ್ರೇಮಿಗಳ ಬೆನ್ನಿಗೆ ನಿಲ್ಲುವುದೇ ನಿಜವಾದ ಆಚರಣೆ ಎಂದು ಗುಡುಗಿದಾಗ ಹಿಂದಿನ ಬೆಂಚಿನವರು ಶಿಳ್ಳೆ ಹೊಡೆದಿದ್ದರು.

ಕಂಬದೂರಿನ ಕಲ್ಯಾಣಿ ಅವರದೇ ಕೊನೆಯ ವರ್ಷದ ವಿದ್ಯಾರ್ಥಿನಿ. ಜೊತೆಗಿದ್ದ ಮುರಳಿ ಬೋರ್‌ವೆಲ್ ಮೋಟರ್ ರಿಪೇರಿ ಮಾಡುವವನು. ಜಾತಿ ಬೇರೆ. ಮುಂದಿನ ವಾರ ಅವಳಿಗೆ ಸೋದರಮಾವನೊಂದಿಗೆ ನಿಶ್ಚಿತಾರ್ಥ. ಅಷ್ಟರಲ್ಲಿ ಹಿಂದೂಪುರದ ಗುಡಿಯಲ್ಲಿ ತಾಳಿ ಕಟ್ಟಿಸಿಕೊಂಡು, ಅಲ್ಲೇ ರಿಜಿಸ್ಟರ್ ಮಾಡಿಸಲು ಇಬ್ಬರೂ ಹೊರಟಿದ್ದರು. ಸ್ನೇಹಿತರು ಅಲ್ಲಿ ಕಾಯುತ್ತಿದ್ದರು. ರಿಜಿಸ್ಟರಿಗೆ ಸಹಿ ಹಾಕಲು ಒಂದು ಸಾಕ್ಷಿ ಕಡಿಮೆ ಬಿದ್ದಿತ್ತು.

"ನೆನ್ನೆ ನಿಮ್ಮ ಮಾತು ಕೇಳಿ ಧೈರ್ಯ ಬಂತು ಸಾರ್. ನೀವೊಬ್ರು ಬಂದ್ಬುಟ್ರೆ ಸಾಕು," ಎಂದಳು ಕಲ್ಯಾಣಿ.

ಲಕ್ಷ್ಮೀಕಾಂತರು ಬೀದಿಯ ಎರಡೂ ಕಡೆ ಕಣ್ಣಾಡಿಸಿ, ಅವರನ್ನು ಒಳಗೆಳೆದು ಬಾಗಿಲು ಹಾಕಿದರು. ತಮ್ಮ ಬಿಪಿ, ಪೇಪರ್ ವ್ಯಾಲ್ಯುಯೇಷನ್, ಹತ್ತಿರ ಬಂದ ನಿವೃತ್ತಿ ಒಂದೊಂದಾಗಿ ನೆನಪಾದವು. ಹಿರಿಯರ ಆಶೀರ್ವಾದವಿಲ್ಲದ ಪ್ರೇಮ ಪ್ರೇಮವೇ ಅಲ್ಲವೆಂಬ ಹೊಸ ಸತ್ಯವೂ ಆಗಲೇ ಹೊಳೆಯಿತು.

"ಅದು ರೋಮ್ ಕಣಮ್ಮ, ಇದು ಕಲ್ಯಾಣದುರ್ಗ. ನಿಮ್ಮಪ್ಪ ನನ್ನ ಸುಮ್ಕೆ ಬಿಡ್ತಾರಾ?"

"ಆ ಪಾದ್ರೀನೂ ಸುಮ್ಕೆ ಬಿಡ್ಲಿಲ್ಲ ಅಂತ ನೀವೇ ಹೇಳಿದ್ರಂತೆ ಸಾರ್," ಎಂದ ಮುರಳಿ, ಬಹಳ ವಿನಯದಿಂದ.

ಮೋಟರ್ ರಿಪೇರಿಯವನ ಅಧಿಕಪ್ರಸಂಗ ಲಕ್ಷ್ಮೀಕಾಂತರಿಗೆ ಸಹಿಸಲಾಗಲಿಲ್ಲ. ಹುಡುಗಿಯ ತಂದೆಗೆ ವಿಷಯ ಮುಟ್ಟಿಸುವುದು ಗುರುವಾದ ತಮ್ಮ ಧರ್ಮ ಎನ್ನುತ್ತಾ ಮೇಜಿನ ಮೇಲಿದ್ದ ಫೋನು ಎತ್ತಿಕೊಂಡರು. ಕಲ್ಯಾಣಿ ಬ್ಯಾಗು ಬಿಗಿಯಾಗಿ ಹಿಡಿದು ಬಾಗಿಲ ಕಡೆ ಹಿಂದೆ ಸರಿದಳು.

ಅಡುಗೆಮನೆಯಿಂದ ಬಂದ ಹೆಂಡತಿ ಜ್ಯೋತಿಲಕ್ಷ್ಮಿ, ಗಂಡನ ಕೈಯಿಂದ ಫೋನು ಬಿಡಿಸಿಕೊಂಡರು. ಬೀರುವಿನಿಂದ ತಮ್ಮ ಆಧಾರ್ ಕಾರ್ಡು ತೆಗೆದುಕೊಂಡು ಚಪ್ಪಲಿ ಮೆಟ್ಟಿದರು.

"ನೀನೆಲ್ಲಿಗೆ? ವ್ಯಾಲೆಂಟೈನ್ ಯಾರು ಅಂತಾನಾದ್ರೂ ಗೊತ್ತಾ ನಿಂಗೆ?" ಎಂದರು ಲಕ್ಷ್ಮೀಕಾಂತರು.

"ಆವಯ್ಯ ಯಾರೋ ನಂಗೊತ್ತಿಲ್ಲ. ಸೈನ್ ಮಾಡಾಕೆ ಬತ್ತೈತೆ," ಎಂದರು ಜ್ಯೋತಿಲಕ್ಷ್ಮಿ, ಇಬ್ಬರನ್ನೂ ಮುಂದೆ ಬಿಟ್ಟುಕೊಂಡು ಹೊಸ್ತಿಲು ದಾಟುತ್ತಾ. "ಸಾಯಂಕಾಲ ಬತ್ತೀನಿ. ಅಲ್ಲೀಗಂಟ ನಿಮ್ ಫೋನು ನನ್ ತಾವೇ ಇರ್ಲಿ."