ಕಾಯಿ ಮೆಷಿನ್ನಿನ ಶಾಫ್ಟು

ವೇಗ ನಲವತ್ತು ದಾಟಿದ್ದೇ ತಡ, ಕಾರಿನ ತಳ ದಡದಡನೆ ಗುದ್ದತೊಡಗಿತು. ಹಿಂಬಾಗಿಲಿನ ಗಾಜು ಅದುರಿ ಅದುರಿ ತಾನಾಗಿಯೇ ಕೆಳಗಿಳಿಯಿತು. ಮೆಕ್ಯಾನಿಕ್ ಮೆಹಬೂಬ್ ಪಾಷಾ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಹಳೇ ಅಂಬಾಸಿಡರನ್ನು ನೊಣವಿನಕೆರೆ ರಸ್ತೆಯ ಪಕ್ಕಕ್ಕೆ ಹೇಗೋ ತಂದು ನಿಲ್ಲಿಸಿದ. ಪಕ್ಕದಲ್ಲಿ ಕೂತಿದ್ದ ಕಾರಿನ ಮಾಲೀಕ ಹಾಲಸ್ವಾಮಿಯ ಮುಖ ಬಿಳಿಚಿಕೊಂಡಿತ್ತು. ಬಾಯಿ ಮಾತ್ರ ಗಟ್ಟಿಯಾಗಿಯೇ ಇತ್ತು.

"ಹಳೇ ಗಾಡಿ ಕಣಪ್ಪ. ಒಸಿ ಅಲ್ಲಾಡ್ತೈತೆ, ಅಷ್ಟೇಯ."

ಪಾಷಾ ನಿಧಾನಕ್ಕೆ ತಿಪಟೂರಿನ ತನ್ನ ಗ್ಯಾರೇಜಿಗೆ ಕಾರು ತಂದು, ರಿಪೇರಿ ಗುಂಡಿಯ ಮೇಲೆ ನಿಲ್ಲಿಸಿ, ಕೆಳಗಿಳಿದು ಟಾರ್ಚ್ ಹಾಕಿದ. ಎಂಜಿನ್ನಿನ ತಿರುಗುವಿಕೆಯನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ ಉದ್ದನೆಯ ಶಾಫ್ಟಿನಲ್ಲಿ, ಹಳೆಯ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಬಿರುಕು. ಬೆಳಿಗ್ಗೆ ಅದನ್ನು ಜೋಡಿಸುವಾಗ ಈ ಬಿರುಕು ಇರಲಿಲ್ಲ.

ಅಪ್ಪನ ಕಾಲದ ಕಾರಿಗೆ ಗುಜರಿ ಜೀಪಿನ ಡೀಸೆಲ್ ಎಂಜಿನ್ನು, ಗೇರ್‌ಬಾಕ್ಸು ಕೂರಿಸುವ ಹುಚ್ಚು ಹಾಲಸ್ವಾಮಿಯದೇ. ಗೇರ್‌ಬಾಕ್ಸ್ ಉದ್ದವಾಯಿತು, ಕಾರಿನ ಮೊದಲಿನ ಶಾಫ್ಟು ಹಿಡಿಸಲಿಲ್ಲ. ಅಳತೆ ಕೊಟ್ಟು ಹೊಸದು ಮಾಡಿಸೋಣ ಎಂದು ಪಾಷಾ ಹೇಳಿದಾಗ ಆ ಖರ್ಚು ಕೇಳಿಯೇ ಮನುಷ್ಯ ಎದ್ದು ಹೋಗಿದ್ದ. ಸುತ್ತಲಿನ ಗುಜರಿಗಳನ್ನೆಲ್ಲ ಅಲೆದು, ಕೊನೆಗೆ ಕಂದಿಕೆರೆಯಲ್ಲಿ ತೆಂಗಿನಕಾಯಿ ಸುಲಿಯುವ ಮೆಷಿನ್ನಿನಿಂದ ಬಿಚ್ಚಿ ಎಸೆದಿದ್ದ ಈ ಶಾಫ್ಟನ್ನು ನಿಧಿ ಸಿಕ್ಕವನ ಹಾಗೆ ಹೆಗಲ ಮೇಲೆ ಹೊತ್ತು ತಂದಿದ್ದ. "ಕೊಬ್ಬರಿ ಇನ್ನೂ ಮಾರಿಲ್ಲ, ಅಟ್ಟದಲ್ಲೈತೆ. ರೇಟು ಏರೋವರ್ಗೂ ಇದೇ ಸಾಕು ಕಣಪ್ಪ" ಅಂದಿದ್ದ. ಅವನ ಮನೆಯಲ್ಲಿ ಎಲ್ಲಕ್ಕೂ ಇದೇ ಉತ್ತರ. ಸೋರುವ ಹೆಂಚಿಗೂ ಇದೇ, ಹೆಂಡತಿ ಕಲ್ಲಮ್ಮನ ಹಲ್ಲುನೋವಿಗೂ ಇದೇ.

ಪಾಷಾನ ಗ್ಯಾರೇಜಿನಲ್ಲಿ ಒಂದು ಕಟ್ಟುನಿಟ್ಟಿತ್ತು. ಗಿರಾಕಿ ತಾನೇ ತಂದ ಸಾಮಾನು ಹಾಕಿಸಿದರೆ, ಮೊದಲ ಟ್ರಯಲ್ಲಿಗೆ ಗಿರಾಕಿಯೂ ಕೂರಬೇಕು. ಕೂತವರಿಗೆ ಸಾಮಾನ್ಯವಾಗಿ ಬುದ್ಧಿ ಬರುತ್ತಿತ್ತು.

"ಯಜಮಾನ್ರೇ, ಕಾಯಿ ಮೆಷಿನ್ನು ನಿಂತ ಕಡೆ ನಿಧಾನಕ್ಕೆ ತಿರುಗ್ತದೆ. ಇದು ಓಡೋ ಗಾಡಿ. ಶಾಫ್ಟು ಮುರಿದು ಮುಂದಿನ ತುದಿ ರೋಡಿಗೆ ಚುಚ್ಕೊಂಡ್ರೆ ಕಾರನ್ನೇ ಎತ್ತಿ ಮಗುಚ್ತದೆ. ಬಿಚ್ಚಾಕ್ತೀನಿ."

"ಇವತ್ತೊಂದಿನ ಬುಡು. ಮಾಯಸಂದ್ರದ ಬೀಗರ ಮನೇಲಿ ಗೃಹಪ್ರವೇಶ. ಕಾರಲ್ಲೇ ಬತ್ತೀವಿ ಅಂತ ಎಲ್ರಿಗೂ ಫೋನ್ ಮಾಡಿ ಹೇಳಿವ್ನಿ."

"ಬಸ್ಸೈತಲ್ಲ?"

"ಬೀಗರ ಮುಂದೆ ಬಸ್ಸಿಳಿದು ನಡ್ಕಂಡು ಹೋಗ್ಲಾ? ನನ್ನ ಗಾಡಿ ಕಣಪ್ಪ ಇದು, ನನ್ನಿಷ್ಟ!"

ಅಷ್ಟರಲ್ಲಿ ಬಾಗಿಲಿಗೆ ಆಟೋ ಬಂತು. ರೇಷ್ಮೆ ಸೀರೆ ಉಟ್ಟ ಕಲ್ಲಮ್ಮ ಮೂರು ವರ್ಷದ ಮೊಮ್ಮಗಳು ಯೋಗಿತಾಳನ್ನು ಕಂಕುಳಲ್ಲಿ ಎತ್ತಿಕೊಂಡು ಇಳಿದಳು. ಮಗುವಿನ ತಾಯಿ ಗಾನವಿ ಹಿಂದಿನ ದಿನವೇ ಅತ್ತೆಮನೆ ಮಾಯಸಂದ್ರಕ್ಕೆ ಹೋಗಿದ್ದಳು. "ಹತ್ತು ಹತ್ತು, ಹೊತ್ತಾಯ್ತು" ಎನ್ನುತ್ತ ಹಾಲಸ್ವಾಮಿ ಹಿಂಬಾಗಿಲು ತೆಗೆದು ಇಬ್ಬರನ್ನೂ ಕೂರಿಸಿದ. ಪಾಷಾ ಗುಂಡಿಯಿಂದ ಮೇಲೆ ಬರುವುದರೊಳಗೆ ತಾನೇ ಸ್ಟಿಯರಿಂಗ್ ಹಿಂದೆ ಕೂತು ಎಂಜಿನ್ ಚಾಲೂ ಮಾಡಿಬಿಟ್ಟಿದ್ದ.

ಪಾಷಾ ಓಡಿ ಬಂದು ಕಾರಿನ ಎದುರಿಗೆ ನಿಂತ. ಗ್ರೀಸ್ ಮೆತ್ತಿದ ಎರಡೂ ಕೈಗಳನ್ನು ಬಾನೆಟ್ಟಿನ ಮೇಲೆ ಊರಿದ. ಹಾಲಸ್ವಾಮಿ ಹಾರನ್ ಒತ್ತಿದ. ಪಾಷಾ ಕದಲಲಿಲ್ಲ. ಮತ್ತೆ ಒತ್ತಿದ. ಹಾರನ್ ಕೇಳಿ ಖುಷಿಯಾದ ಮಗು ಸೀಟಿನಿಂದ ಜಾರಿ ಕೆಳಗಿಳಿದು, ಕಾರಿನ ನಡುವೆ ಉದ್ದಕ್ಕೂ ಎದ್ದಿರುವ ಉಬ್ಬಿನ ಮೇಲೆ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂತಿತು. "ಕುದುರೆ! ತಾತ, ಕುದುರೆ ಓಡ್ಸು!"

ಹಾಲಸ್ವಾಮಿ ಕನ್ನಡಿಯಲ್ಲಿ ನೋಡಿದ. ಆ ಉಬ್ಬಿನ ಕೆಳಗೇ ಶಾಫ್ಟು. ಎಂಜಿನ್ ಆರಿಸಿದ.

"ಮಗೂನ ಇಲ್ಲೇ ಇಳ್ಸು ಕಣೇ. ಪಾಷಾನ ಮನೆ ಹಿಂದ್ಗಡೇನೇ ಐತೆ, ಅವನ ಹೆಂಡ್ತಿ ಫಾಮಿದಾ ನೋಡ್ಕೋತಾಳೆ. ನಾವಿಬ್ರೂ ಹೋಗಿ ಬರಾಣ."

"ಅವಳಮ್ಮ ಅಲ್ಲಿ ದಾರಿ ನೋಡ್ತಾವ್ಳೆ. ಮಗು ಯಾಕೆ ಬ್ಯಾಡ?"

ಹಾಲಸ್ವಾಮಿ ತನ್ನ ಪಕ್ಕದ ಗಾಜು ಏರಿಸತೊಡಗಿದ. ಕಲ್ಲಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಸಾಬ್ರೇ, ಏನಾಗೈತೆ ಇದಕ್ಕೆ?"

"ಕೆಳಗೆ ಶಾಫ್ಟು ಬಿರುಕು ಬಿಟ್ಟೈತೆ ಅಮ್ಮ. ದಾರೀಲಿ ಮುರಿದ್ರೆ ಗಾಡಿ ಮಗುಚ್ತದೆ." ಪಾಷಾ ಕಿಟಕಿಯ ಹತ್ತಿರ ಬಂದು ತಲೆ ತಗ್ಗಿಸಿದ. "ಯಜಮಾನ್ರಿಗೆ ಗೊತ್ತು."

ಕಲ್ಲಮ್ಮ ಮಗುವನ್ನು ಎತ್ತಿ ಕಿಟಕಿಯಿಂದಲೇ ಪಾಷಾನ ಕೈಗೆ ಕೊಟ್ಟಳು. ತಾನು ಇಳಿಯಲಿಲ್ಲ. ಸೆರಗು ಸರಿಮಾಡಿಕೊಂಡು, ಸೀಟಿಗೆ ಒರಗಿ, ಕನ್ನಡಿಯಲ್ಲಿ ಗಂಡನ ಕಣ್ಣನ್ನೇ ನೋಡಿದಳು.

"ಹೂಂ, ಹೊರಡ್ರಿ. ಕೊಬ್ಬರಿ ರೇಟು ಏರೋವರ್ಗೂ ನಂಗೆ ಇದೇ ಸಾಕು."