ಪರದೆಯ ಹಿಂದಿನ ಮೇಡಂ

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಶಾಲೆಯ ಆಪ್ತಸಮಾಲೋಚಕಿ ಮೇಡಂ ಅವರ ಕುರ್ಚಿಯಲ್ಲಿ ಆವತ್ತು ಕೂತಿದ್ದವಳು ಹತ್ತನೇ ತರಗತಿಯ ಗಿಣಿ. ಯಾರ ದನಿಯನ್ನಾದರೂ ಅಣಕಿಸಬಲ್ಲ ಹುಡುಗಿ. ಮುಖ ಕಾಣದಿದ್ದರೆ ಮಕ್ಕಳು ಬಾಯಿಬಿಡುತ್ತಾರೆಂದು ಮೇಡಂ ತಮ್ಮ ಮುಂದೊಂದು ಪರದೆ ಕಟ್ಟಿಸಿದ್ದರು. ಅವರು ಊಟಕ್ಕೆ ಹೋದಾಗ ಗೆಳತಿಯರನ್ನು ಬೇಸ್ತು ಬೀಳಿಸಲು ಹೊಂಚುಹಾಕಿದ್ದ ಗಿಣಿ, ಹೆಜ್ಜೆ ಸಪ್ಪಳ ಕೇಳಿದ್ದೇ ಮೇಡಂ ದನಿಯಲ್ಲಿ, “ಹೇಳು ಪುಟ್ಟಾ, ಏನಾಯ್ತು?” ಎಂದಳು.

“ಪುಟ್ಟ ಅಲ್ಲ ಮೇಡಂ, ನಾನು, ಗಣಿತದ ಮೇಷ್ಟ್ರು. ವಾರದಿಂದ ನಿದ್ದೆಯಿಲ್ಲ. ಬೋರ್ಡ್ ಕಡೆ ತಿರುಗಿದ್ರೆ ಸಾಕು, ಹಿಂದಿನಿಂದ ಯಾರೋ ನನ್ನ ಹಾಗೇ ಮಾತಾಡ್ತಾರೆ, ಕ್ಲಾಸೆಲ್ಲ ನಗುತ್ತೆ. ಈ ಕೆಲಸಾನೇ ಬಿಟ್ಬಿಡೋಣ ಅನ್ನಿಸ್ತಿದೆ.”

ಗಿಣಿ ಕುರ್ಚಿಯಿಂದ ಮೆಲ್ಲಗೆ ಎದ್ದಳು. ಓಡೋಣವೆಂದರೆ ಬಾಗಿಲು ಮೇಷ್ಟ್ರ ಬೆನ್ನ ಹಿಂದಿತ್ತು. ಕಡೆಗೆ ಪರದೆ ಸರಿಸಿ, ತನ್ನದೇ ದನಿಯಲ್ಲಿ, “ಸರ್, ಅದು ನಾನೇ. ತಪ್ಪಾಯ್ತು. ಕೆಲಸ ಮಾತ್ರ ಬಿಡ್ಬೇಡಿ,” ಎಂದಳು. ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. “ಎಲ್ಲಿ, ನನ್ನೆದುರಿಗೇ ಮಾಡು ನೋಡೋಣ.”

ಗಿಣಿ ಸೊಂಟದ ಮೇಲೆ ಕೈಯಿಟ್ಟು, ಅವರು ದಿನಾ ಮಕ್ಕಳಿಗೆ ಹೇಳುವುದನ್ನೇ ಅವರ ಮೂಗುದನಿಯಲ್ಲಿ ಹೇಳಿದಳು: “ನಿದ್ದೆ ಬರಲ್ವಾ? ಹತ್ತೊಂಬತ್ತರ ಮಗ್ಗಿ ಹೇಳ್ಕೋ, ಮೂರನೇ ಸಾಲಿಗೇ ಗೊರಕೆ!” ಊಟ ಮುಗಿಸಿ ಬಂದ ಮೇಡಂ ಬಾಗಿಲಲ್ಲೇ ನಕ್ಕರು. ಆದರೆ ಕಾರಿಡಾರಿನ ಕೊನೆಯವರೆಗೂ ಕೇಳಿಸಿದ್ದು ಮೇಷ್ಟ್ರ ನಗು.