ಹದಿಮೂರನೇ ರೌಂಡ್

ಗಂಡನ ಒಣಗಿದ ಬಾಕ್ಸಿಂಗ್ ಕೈಪಟ್ಟಿಯನ್ನು ಅವಳು ಅರ್ಧ ಸುತ್ತಿದ್ದಳು, ಅಷ್ಟರಲ್ಲಿ ತಾರಸಿಯ ಮೇಲೆ ಯಾರೋ ಧೊಪ್ಪೆಂದು ಬಿದ್ದ ಸದ್ದಾಯಿತು. ಸುತ್ತಿದ್ದೆಲ್ಲ ಕೈಜಾರಿ ಅಡುಗೆಮನೆಯ ನೆಲದುದ್ದಕ್ಕೂ ಬಿಚ್ಚಿಕೊಂಡು ಹೋಯಿತು. ಹಾಲಿನ ಒಲೆ ಆರಿಸಿ ಅವಳು ಮೆಟ್ಟಿಲು ಹತ್ತಿ ಓಡಿದಳು.

ಗಂಡ ಮೊಣಕಾಲೂರಿ ಕುಳಿತು ಬಲಪಕ್ಕೆಯನ್ನು ಒತ್ತಿ ಹಿಡಿದಿದ್ದ. ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಗಳು ನಿಂತಿದ್ದಳು, ಒಂದು ಕೈಯಲ್ಲಿ ಊಟದ ತಟ್ಟೆ, ಇನ್ನೊಂದರಲ್ಲಿ ಚಮಚ. ಒಂದೊಂದು ರೌಂಡಿಗೂ ತಟ್ಟೆ ಬಾರಿಸಿ ಗಂಟೆ ಹೊಡೆಯುವುದು ಅವಳ ಕೆಲಸ. ತಾರಸಿಯ ಮೇಲೆ ಬೇರೆ ಯಾರೂ ಇರಲಿಲ್ಲ.

“ಕಾಲು ಜಾರ್ತು, ಅಷ್ಟೇ,” ಎಂದ ಗಂಡ.

“ಕಾಲು ಜಾರಿದವರು ಪಕ್ಕೆ ಹಿಡ್ಕೊಳ್ಳಲ್ಲ ರೀ. ಬನಿಯನ್ ಎತ್ತಿ, ನೋಡೋಣ.”

ಪಕ್ಕೆಯ ಕೆಳಗೆ ಮುಷ್ಟಿಯಷ್ಟಗಲ ಕೆಂಪಗೆ ಕಂದಿತ್ತು. ಅದರ ಅಂಚಿನಲ್ಲೇ ನೀಲಿಗಟ್ಟಿದ ಇನ್ನೊಂದು ಗುರುತು, ನಿನ್ನೆಯದೋ ಮೊನ್ನೆಯದೋ. ಅವಳು ಟ್ಯಾಂಕಿನ ನಲ್ಲಿಯಲ್ಲಿ ಟವೆಲ್ ಒದ್ದೆ ಮಾಡಿ ತಂದು ಮೆಲ್ಲಗೆ ಒತ್ತಿದಳು.

ಭಾನುವಾರ ಅವನ ಪಂದ್ಯ. ಊರಿನ ಜಿಮ್ಮಿನಲ್ಲಿ ಅವನಷ್ಟು ತೂಕದವರು ಇನ್ನೊಬ್ಬರಿರಲಿಲ್ಲ. ಎದುರು ನಿಲ್ಲಿಸಲು ಆಳು ಸಿಗದೆ ಅವನ ಮುದಿ ಕೋಚ್ ಹಳೆಯ ಕಾಲದ ಹೆವಿವೇಟ್‌ಗಳನ್ನು ಕರೆಸುತ್ತಿದ್ದ. ಎಲ್ಲರೂ ಸತ್ತವರೇ. ಒಂದು ದಿನ ಗ್ಲೌಸಿಗೆ ಕುದುರೆಕೂದಲು ತುಂಬುತ್ತಿದ್ದ ಕಾಲದ ‘ಕಮ್ಮಾರ’, ಇನ್ನೊಂದು ದಿನ ಅವನಿಗಿಂತ ಈಚಿನ ‘ಉದ್ದಗೈ’, ಹೀಗೆ ಅಡ್ಡಹೆಸರು ಇಟ್ಟು, ಅವರ ಹೆಜ್ಜೆ, ಏಟು, ಚಾಳಿ ಎಲ್ಲ ವಿವರಿಸಿ, ಜಿಮ್ಮಿನಲ್ಲೋ ಮನೆಯ ತಾರಸಿಯಲ್ಲೋ ಬರಿಗಾಳಿಯ ಜೊತೆ ಗುದ್ದಾಡಲು ಬಿಡುತ್ತಿದ್ದ. ನಿಯಮ ಒಂದೇ: “ಸತ್ತವನು ಅಂತ ಸದರ ಮಾಡ್ಕೋಬೇಡ. ಅವನಿಗೆ ಬಿದ್ದ ಏಟು ಅವನ ಲೆಕ್ಕಕ್ಕೆ, ನಿನಗೆ ಬಿದ್ದದ್ದು ನಿನ್ನ ಲೆಕ್ಕಕ್ಕೆ.” ಊಟಕ್ಕೆ ಕುಳಿತಾಗ ಗಂಡ ವರದಿ ಒಪ್ಪಿಸುತ್ತಿದ್ದ: “ಇವತ್ತು ಕಮ್ಮಾರನ್ನ ನಾಲ್ಕನೇ ರೌಂಡಿಗೇ ಮಲಗಿಸಿದೆ.” “ಅಯ್ಯೋ ಪಾಪ, ಅವನ ಹೆಂಡತಿಗೆ ಯಾರು ಹೇಳಿದ್ರು?” ಎನ್ನುತ್ತ ಅವಳು ಬಡಿಸುತ್ತಿದ್ದಳು. ಮಗಳು ನೆತ್ತಿಗೇರುವಷ್ಟು ನಗುತ್ತಿದ್ದಳು.

ಈ ವಾರ ಕೋಚ್ ಕರೆಸಿದ್ದು ಗಂಡನ ಅಪ್ಪನನ್ನು.

ಊರಿನಲ್ಲಿ ಅದು ಹಳೆಯ ಚರ್ಚೆಯೇ. ಅಪ್ಪ, ಮಗ ಇಬ್ಬರೂ ಒಂದೇ ವಯಸ್ಸಿನಲ್ಲಿ ಎದುರಾಗಿದ್ದರೆ? ಕ್ಷೌರದಂಗಡಿಯಲ್ಲಿ ಒಬ್ಬ “ಮಗ ಇಪ್ಪತ್ತು ಕೆಜಿ ಜಾಸ್ತಿ ಇದ್ದಾನೆ ಕಣೋ” ಎಂದರೆ, ಇನ್ನೊಬ್ಬ ಸೋಪಿನ ಮುಖದಲ್ಲೇ “ಅಪ್ಪನ ಎಡಗೈ ನೀನು ನೋಡಿಲ್ಲ, ಸುಮ್ನಿರು” ಎನ್ನುತ್ತಿದ್ದ. ಆ ಅಪ್ಪ ತಮ್ಮ ಕೊನೆಯ ಪಂದ್ಯ ಗೆದ್ದು ಮನೆಗೆ ಬಂದು, ಉಂಡು ಮಲಗಿದವರು ಏಳಲೇ ಇಲ್ಲ. ಪಕ್ಕದಲ್ಲೇ ಮಲಗಿದ್ದ ಪುಟ್ಟ ಮಗ ಬೆಳಿಗ್ಗೆ ಎಷ್ಟೋ ಹೊತ್ತು ಅವರನ್ನು ಎಬ್ಬಿಸುತ್ತಲೇ ಇದ್ದನಂತೆ. ಆಗ ಅವರಿಗಿದ್ದ ವಯಸ್ಸು ಈಗ ಇವನದು.

“ಭಾನುವಾರ ಬೇಡ ರೀ,” ಎಂದಳು ಅವಳು. “ಕೋಚಿಗೆ ನಾನೇ ಹೇಳ್ತೀನಿ. ನನಗೆ ಗೆಲುವು ಬೇಡ, ನೀವು ಬೇಕು.”

“ಭಾನುವಾರದವನು ಲೆಕ್ಕಕ್ಕೇ ಇಲ್ಲ ಕಣೇ. ಅಪ್ಪನ್ನ ಒಂದ್ಸಲ ದಾಟಿಬಿಟ್ರೆ ಸಾಕು. ಹನ್ನೆರಡನೇ ರೌಂಡ್ ತನಕ ನಾನೇ ಮುಂದೆ. ಅಲ್ಲಿಗೆ ನಮ್ಮ ಕಾಲದ ಆಟ ಮುಗೀತು. ಅವರ ಕಾಲದಲ್ಲಿ ಹದಿನೈದು ಇತ್ತಲ್ಲ?” ಅವನು ಟವೆಲನ್ನು ಮೆಲ್ಲಗೆ ಸರಿಸಿದ. “ಹದಿಮೂರಕ್ಕೆ, ಈಗ ತಾನೇ ನಿದ್ದೆಯಿಂದ ಎದ್ದವರ ಹಾಗೆ ಬರ್ತಾರೆ.”

ಅವಳು ಮಗಳತ್ತ ನೋಡಿದಳು. ಕಂಡದ್ದಕ್ಕೆಲ್ಲ ಯಾಕೆ ಯಾಕೆ ಎಂದು ಪೀಡಿಸಿ, ಜಿಮ್ಮಿನವರಿಂದ ‘ಯಾಕಮ್ಮ’ ಎನ್ನಿಸಿಕೊಂಡ ಹುಡುಗಿ ಈ ವಾರವೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

“ಏನೇ ಚಿನ್ನಾ, ಏನಾದ್ರೂ ಕೇಳ್ಬೇಕಾ?”

ಮಗಳು ಇಲ್ಲವೆಂದು ತಲೆಯಾಡಿಸಿದಳು.

“ತಟ್ಟೆ ಹೊಡಿ ಮಗಳೇ, ಹದಿಮೂರು,” ಎನ್ನುತ್ತ ಗಂಡ ಎದ್ದು ನಿಂತ.

“ಹುಚ್ಚಾ ನಿಮಗೆ? ಬನ್ನಿ ಕೆಳಗೆ!”

ಮಗಳು ಚಮಚವನ್ನು ನೆಲದ ಮೇಲಿಟ್ಟುಬಿಟ್ಟಳು. ಆದರೂ ಗಂಡ, ಗಂಟೆ ಕೇಳಿಸಿದವನಂತೆ, ತಟ್ಟನೆ ಗಲ್ಲ ತಗ್ಗಿಸಿ ಮುಂದೆ ಹೆಜ್ಜೆ ಇಟ್ಟ.

ಗಾಳಿ ಇರಲಿಲ್ಲ. ತಂತಿಯ ಮೇಲೆ ಅಂಗಿಗಳು, ಲಂಗಗಳು ನೆಟ್ಟಗೆ ಜೋತುಬಿದ್ದಿದ್ದವು. ತುದಿಯ ಬೆಡ್‌ಶೀಟ್ ಮಾತ್ರ, ಅಗಲ ಬೆನ್ನಿನ ಯಾರೋ ರಿಂಗಿನ ಹಗ್ಗಕ್ಕೆ ಒರಗಿದ ಹಾಗೆ, ನಡುವಿನಲ್ಲಿ ಹಿಂದಕ್ಕೆ ಬಾಗಿತು. ತಂತಿ ಕಿರ್ರೆಂದಿತು. ಸ್ವಲ್ಪ ಹೊತ್ತಿಗೆ ಬೆಡ್‌ಶೀಟ್ ಸಡಿಲಗೊಂಡು ಮತ್ತೆ ನೇರವಾಯಿತು. ಒರಗಿದ್ದವರು ಮುಂದೆ ಬಂದಿದ್ದರು. ಅವಳಿಗೆ ಅದರಿಂದ ಕಣ್ಣು ಕೀಳಲಾಗಲಿಲ್ಲ. ಹಾಗಾಗಿ ಏಟು ಬಿದ್ದದ್ದು ಕಾಣಲಿಲ್ಲ, ಕೇಳಿಸಿತು.

ತಿರುಗಿ ನೋಡಿದಾಗ ಗಂಡ ನೆಲದ ಮೇಲಿದ್ದ. ಉಸಿರಿಗೆ ತಡಕಾಡುತ್ತಿದ್ದ. ಆದರೂ ಅವನ ತುಟಿಯ ಮೇಲೆ, ಮದುವೆಯಾದಂದಿನಿಂದ ಅವಳು ಒಮ್ಮೆಯೂ ಕಾಣದಿದ್ದ ಒಂದು ನಗುವಿತ್ತು. ಯಾರೋ ತಲೆ ಸವರಿದಾಗ ಎಳೆಯ ಮಕ್ಕಳ ಮುಖದಲ್ಲಿ ಮೂಡುವಂಥದ್ದು.

ಮಗಳು ಬಂದು ಅಮ್ಮನ ಕೈಯನ್ನು ತನ್ನ ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡಳು. ಇಷ್ಟು ದಿನ ನುಂಗಿಕೊಂಡಿದ್ದನ್ನು ಗಟ್ಟಿಯಾಗಿಯೇ ಕೇಳಿದಳು:

“ಅಮ್ಮಾ, ತಾತ ಹೊಡೆಯೋಕೆ ಬಂದಾಗ ಅಪ್ಪ ಯಾಕೆ ಕೈ ಇಳಿಸಿಬಿಡ್ತಾನೆ?”